ಅಪ್ಪನ ಕೈಯಲ್ಲಿ ಕೋವಿಯಿಲ್ಲದ ದಿನ

ಬೆಳಗಿನ ಜಾವ ನಾಲ್ಕೂವರೆ ಗಂಟೆ. ನವೆಂಬರ್ ತಿಂಗಳ ಚಳಿ. ನಕ್ಷತ್ರಗಳು ಇನ್ನೂ ಮಾಸಿಲ್ಲ. ಕಪ್ಪಗೆ ಹರಡಿಕೊಂಡ ನೀರಿನ ಮೇಲೆ ಚಪ್ಪಟೆ ತಳದ ಸಣ್ಣ ದೋಣಿಯೊಂದು ಸದ್ದಿಲ್ಲದೆ ಸಾಗುತ್ತಿದೆ. ಹಿಂದೆ ನಿಂತು ಗಳವನ್ನೂರಿ ದೋಣಿಯನ್ನು ನೂಕುತ್ತಿರುವವನು ತಂದೆ. ಮುಂದುಗಡೆ, ದಪ್ಪನೆಯ ಕೋಟಿನೊಳಗೆ ಮುದುಡಿಕೊಂಡು, ಕಪ್ಪು ನಾಯಿಯೊಂದನ್ನು ತಬ್ಬಿ ಕುಳಿತವಳು ಹನ್ನೆರಡು ವರ್ಷದ ಮಗಳು. ಅವರಿಬ್ಬರ ನಡುವೆ ಬಣ್ಣ ಬಳಿದ ಸುಳ್ಳು ಬಾತುಗಳ ಒಂದು ಮೂಟೆ, ಬಿಸಿ ಕೋಕೋ ತುಂಬಿದ ಒಂದು ಫ್ಲಾಸ್ಕು, ಚೀಲದೊಳಗೆ ಒಂದೇ ಒಂದು ಕೋವಿ.

ಆ ಕೋವಿ ಮಗಳದು. ತಂದೆಯ ಕೋವಿ ಮನೆಯ ಬೀರುವಿನಲ್ಲಿ ಬೀಗದ ಹಿಂದೆ ಉಳಿದಿದೆ. ಮೂವತ್ತು ವರ್ಷಗಳಿಂದ ಇದೇ ಜೌಗಿನಲ್ಲಿ ಬಾತುಗಳನ್ನು ಬೇಟೆಯಾಡಿ ನುರಿತ ಕೈ ಅವನದು. ಆದರೆ ಈ ಒಂದು ದಿನ ಅವನು ಒಂದು ಬಾತಿನ ಮೇಲೂ ಈಡು ಹಾರಿಸುವಂತಿಲ್ಲ. ಹಾರಿಸಿದರೆ ಅಪರಾಧ.

ತಂದೆ ಬೇಟೆಗಾರ, ಮಗಳೂ ಬೇಟೆಗೆ ಹೊರಟವಳು. ಆದರೂ ತಂದೆಯ ಕೈ ಬರಿದು. ಈ ವಿಚಿತ್ರ ಕಟ್ಟಳೆ ಹೇಗೆ ಹುಟ್ಟಿತು, ಅದರ ಹಿಂದಿರುವ ತಿಳಿವಳಿಕೆ ಯಾವುದು ಎಂಬುದೇ ಒಂದು ಸ್ವಾರಸ್ಯವಾದ ಕಥೆ. ಈ ತಂದೆಮಕ್ಕಳ ಹೆಸರು ಕೇಳಬೇಕಾದ್ದಿಲ್ಲ. ಇಂಥ ತಂದೆ, ಇಂಥ ಮಗಳು ಆ ನಾಡಿನ ಮನೆಮನೆಯಲ್ಲಿ ಸಿಗುತ್ತಾರೆ. ಇಂಥ ಬೆಳಗು ಅಲ್ಲಿ ವರ್ಷವರ್ಷವೂ ಮೂಡುತ್ತದೆ.

ನೆಲವೂ ಅಲ್ಲದ, ನೀರೂ ಅಲ್ಲದ ನಾಡು

ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣದ ಅಂಚಿನಲ್ಲಿ, ಮಿಸಿಸಿಪಿ ಮಹಾನದಿ ಕಡಲನ್ನು ಸೇರುವೆಡೆಯಲ್ಲಿ, ಲೂಯಿಸಿಯಾನಾ ಎಂಬ ರಾಜ್ಯವಿದೆ. ಅದರ ಕಡಲಂಚಿನ ಸೀಮೆಯನ್ನು ನೆಲವೆನ್ನಬೇಕೋ ನೀರೆನ್ನಬೇಕೋ ತಿಳಿಯದು. ಕಣ್ಣು ಹರಿಯುವಷ್ಟು ದೂರ ಜೊಂಡು ಬೆಳೆದ ಜೌಗು. ಅದನ್ನು ಸೀಳಿಕೊಂಡು ಹೋಗುವ ಮಂದಗತಿಯ ಕಾಲುವೆಗಳು. ಜೌಗಿನ ಬೆನ್ನಿಗೇ ಬತ್ತದ ಗದ್ದೆಗಳು. ಕೊಯಿಲು ಮುಗಿದ ಮೇಲೆ ಎಷ್ಟೋ ಗದ್ದೆಗಳಲ್ಲಿ ಚಳಿಗಾಲವಿಡೀ ನೀರು ನಿಲ್ಲಿಸುತ್ತಾರೆ. ಉದುರಿದ ಕಾಳನ್ನು ಹುಡುಕಿಕೊಂಡು ಉತ್ತರದಿಂದ ಬಾತುಗಳು ಲಕ್ಷಗಟ್ಟಲೆ ಬಂದಿಳಿಯುತ್ತವೆ. ಈ ಸೀಮೆಯ ಗೇಡನ್ ಎಂಬ ಪುಟ್ಟ ಊರು ತನ್ನನ್ನು ‘ಅಮೆರಿಕದ ಬಾತುಗಳ ರಾಜಧಾನಿ’ ಎಂದೇ ಹೆಮ್ಮೆಯಿಂದ ಕರೆದುಕೊಳ್ಳುತ್ತದೆ.

ಇಲ್ಲಿಯ ಜನರಲ್ಲಿ ಅನೇಕರು ಕೇಜನರು. ಕೆನಡಾದ ಅಕೇಡಿಯ ಎಂಬ ಸೀಮೆಯಲ್ಲಿ ನೆಲಸಿದ್ದ ಫ್ರೆಂಚರನ್ನು ಬ್ರಿಟಿಷರು 1755ರಿಂದ ಮೊದಲ್ಗೊಂಡು ಮನೆಮಠ ಬಿಡಿಸಿ ಹೊರಗಟ್ಟಿದರು. ಊರೂರು ಅಲೆದು ಕೊನೆಗೆ ಈ ಜೌಗಿನಲ್ಲಿ ನೆಲೆಗಂಡವರ ಸಂತತಿ ಅವರು. ಹೊಲವಿಲ್ಲದ ಕಡೆ ನೀರೇ ಅವರಿಗೆ ಹೊಲವಾಯಿತು. ಮೀನು, ಸಿಗಡಿ, ಏಡಿ, ಚಳಿಗಾಲಕ್ಕೆ ಬಾತು. ಹೀಗೆ ಬೇಟೆ ಅವರಿಗೆ ಮೊದಲು ಅಡಿಗೆಮನೆಯ ಕೆಲಸ, ವಿನೋದವಾದದ್ದು ಆಮೇಲೆ.

ಬಾತುಬೇಟೆಯ ಋತುವನ್ನು ಸರಕಾರ ಪ್ರತಿವರ್ಷವೂ ಗೊತ್ತುಮಾಡುತ್ತದೆ. ಆ ನಿಯತ ಋತುವಿನ ಜೊತೆಗೆ, 1996ರಿಂದ, ಎಳೆಯರಿಗೇ ಮೀಸಲಾದ ದಿನಗಳು ಬಂದಿವೆ. ಅಂದು ಕೋವಿ ಹಿಡಿಯುವ ಹಕ್ಕು ಮಕ್ಕಳಿಗೆ ಮಾತ್ರ. ಮಗುವಿನ ಜೊತೆ ಹದಿನೆಂಟು ತುಂಬಿದ ದೊಡ್ಡವರೊಬ್ಬರು ಇರಲೇಬೇಕು. ಆದರೆ ಆ ದೊಡ್ಡವರು ಬಾತನ್ನು ಹೊಡೆಯಕೂಡದು. ಕಲಿಸಲು ಬಂದವನು ತಾನೇ ಆಡತೊಡಗಿದರೆ ಕಲಿಯುವವನು ಮೂಲೆಗೆ ಸರಿಯುತ್ತಾನೆ ಎಂಬುದನ್ನು ಕಾನೂನು ಮಾಡಿದವರು ಬಲ್ಲವರಾಗಿದ್ದರು.

ಸುಳ್ಳು ಬಾತು, ನಿಜವಾದ ಗಡಿಯಾರ

ದೋಣಿ ಜೊಂಡಿನ ನಡುವಣ ಮರೆಗೂಡನ್ನು ಮುಟ್ಟಿತು. ನಾಲ್ಕು ಕಂಬ ನೆಟ್ಟು, ಹಲಗೆ ಹಾಸಿ, ಸುತ್ತಲೂ ಒಣ ಹುಲ್ಲು ಕಟ್ಟಿದ ಸಣ್ಣ ಅಟ್ಟಣೆ ಅದು. ಅಪ್ಪ ಸೊಂಟಮಟ್ಟದ ನೀರಿಗಿಳಿದು ಸುಳ್ಳು ಬಾತುಗಳನ್ನು ಒಂದೊಂದಾಗಿ ತೇಲಬಿಟ್ಟ. ನಡುವೆ ಒಂದಿಷ್ಟು ಜಾಗ ಖಾಲಿ ಬಿಡುವುದುಂಟು. ಆಕಾಶದಿಂದ ಬರುವ ಬಾತಿಗೆ ಅದು ಇಳಿಯುವ ಅಂಗಳವಾಗಿ ಕಾಣಬೇಕು. ಹಳೆಯ ಕನ್ನಡದಲ್ಲಿ ‘ದೀಹ’ ಎಂಬ ಮಾತೊಂದಿದೆ: ಬೇಟೆಗಾರ ತನ್ನ ಬೇಟೆಯನ್ನು ಸೆಳೆಯಲೆಂದು ಮುಂದಿರಿಸುವ ಪ್ರಾಣಿ. ಅಮೆರಿಕದಲ್ಲಿಯೂ ಒಂದು ಕಾಲಕ್ಕೆ ಸಾಕಿದ ಜೀವಂತ ಬಾತುಗಳನ್ನೇ ಕಟ್ಟಿ ಕೂಗಿಸುತ್ತಿದ್ದರು. 1935ರಲ್ಲಿ ಅದು ನಿಷೇಧವಾಯಿತು. ಕಾಳು ಚೆಲ್ಲಿ ಆಸೆ ತೋರಿಸುವುದೂ ನಿಷೇಧವಾಯಿತು. ಬಾತುಬೇಟೆಯ ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟೆಗಳನ್ನು ತುಂಬಬಾರದೆಂಬ ಕಟ್ಟಳೆಯೂ ಆ ಕಾಲದ್ದೇ.

ಮರೆಗೂಡಿನಲ್ಲಿ ಕುಳಿತಮೇಲೆ ಅಪ್ಪ ಮೊದಲು ಪಾಠ ಒಪ್ಪಿಸಿಕೊಂಡ.

“ಕೋವಿಯ ಬಾಯಿ ಎಲ್ಲಿರಬೇಕು?”

“ಮನುಷ್ಯರೂ ನಾಯಿಯೂ ಇಲ್ಲದ ಕಡೆ.”

“ಬೆರಳು?”

“ಹೊಡೆಯುವೆನೆಂದು ನಿಶ್ಚಯವಾಗುವವರೆಗೆ ಕುದುರೆಯ ಮೇಲೆ ಇಡಕೂಡದು.”

“ತೋಟೆ ಯಾವಾಗ ತುಂಬುವುದು?”

ಮಗಳು ಅಪ್ಪನ ಮುಂಗೈ ಕಡೆ ನೋಡಿದಳು. “ನಿನ್ನ ಗಡಿಯಾರ ಹೇಳಿದಾಗ.”

ಆ ದಿನ ಸೂರ್ಯೋದಯ 6 ಗಂಟೆ 26 ನಿಮಿಷಕ್ಕೆ. ಕಾನೂನು ಬೇಟೆಗೆ ಅನುಮತಿ ಕೊಡುವುದು ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ. ಅಂದರೆ 5 ಗಂಟೆ 56 ನಿಮಿಷಕ್ಕೆ. ಒಂದು ನಿಮಿಷ ಮುಂಚೆ ಹೊಡೆದರೂ ಅದು ಕಳ್ಳಬೇಟೆ. ಕತ್ತಲಲ್ಲಿ ಯಾವ ಜಾತಿಯ ಹಕ್ಕಿಯೆಂದು ತಿಳಿಯದು, ತಿಳಿಯದೆ ಹೊಡೆಯಬಾರದು. ಈ ಕಟ್ಟಳೆಯ ಹುರುಳು ಇಷ್ಟೆ.

ಐದೂ ಐವತ್ತರ ಹೊತ್ತಿಗೆ ತಲೆಯ ಮೇಲೆ ರೇಷ್ಮೆ ಹರಿದಂಥ ಸದ್ದಾಯಿತು. ಪುಟ್ಟ ಬಾತುಗಳ ಹಿಂಡೊಂದು ಕತ್ತಲಿನಿಂದ ಧುಮುಕಿ, ಸುಳ್ಳು ಬಾತುಗಳ ನಡುವಣ ಅಂಗಳದಲ್ಲಿ, ಮರೆಗೂಡಿನಿಂದ ಹದಿನೈದು ಗಜದೊಳಗೆ ಇಳಿದುಬಿಟ್ಟಿತು. ನೀರು ಚಿಮ್ಮಿದ ಸದ್ದು, ಮೆಲ್ಲನೆಯ ಸಿಳ್ಳು, ರೆಕ್ಕೆ ಕೊಡವುವ ಸದ್ದು. ಮಗಳ ಉಸಿರು ನಿಂತಿತು. ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಮಾತಾಡಲಿಲ್ಲ, ಗಡಿಯಾರದ ಹೊಳೆಯುವ ಮುಳ್ಳನ್ನು ಅವಳ ಕಡೆ ತಿರುಗಿಸಿದ. ಆರು ನಿಮಿಷ.

ಆರು ನಿಮಿಷವೆಂದರೆ ಎಷ್ಟು ದೀರ್ಘವೆಂಬುದು ಹನ್ನೆರಡು ವರ್ಷದ ಹುಡುಗಿಗೆ ಆ ಬೆಳಗ್ಗೆ ತಿಳಿಯಿತು. ಹಕ್ಕಿಗಳು ಈಜಾಡಿದವು, ಮುಳುಗು ಹಾಕಿದವು, ಸುಳ್ಳು ಬಾತೊಂದನ್ನು ಕುಕ್ಕಿ ನೋಡಿದವು. ಇನ್ನೂ ಎರಡು ನಿಮಿಷವಿರುವಾಗ, ಕಾರಣವೇ ಇಲ್ಲದೆ, ಒಂದೇ ನೆಗೆತಕ್ಕೆ ಎಲ್ಲವೂ ಎದ್ದು ಹೋದವು. ನೀರು ಮತ್ತೆ ಕನ್ನಡಿಯಾಯಿತು.

“ಹೋದವಲ್ಲಪ್ಪಾ!”

“ಹೋಗಲಿ. ಇವತ್ತಿನ ಮೊದಲ ಪಾಠ ಚೆನ್ನಾಗಿ ಕಲಿತೆ.”

ಬಾತು ಮಾರಾಟಕ್ಕಿಲ್ಲ

ಹೀಗೆ ಕೈಗೆಟುಕಿದ್ದನ್ನು ಬಿಟ್ಟುಕೊಡುವ ಪಾಠವನ್ನು ಅಮೆರಿಕದ ಜನ ಸುಲಭವಾಗಿ ಕಲಿತವರಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಬಾತುಬೇಟೆ ಒಂದು ದೊಡ್ಡ ವ್ಯಾಪಾರವಾಗಿತ್ತು. ದೋಣಿಯ ಮೂತಿಗೆ ಸಣ್ಣ ಫಿರಂಗಿಯಂಥ ಕೋವಿಯನ್ನು ಬಿಗಿದು, ನೀರಿನ ಮೇಲೆ ಗುಂಪಾಗಿ ತಂಗಿದ ಹಕ್ಕಿಗಳ ಮೇಲೆ ಒಂದೇ ಈಡಿಗೆ ಚರೆಯ ಮಳೆ ಸುರಿಸುತ್ತಿದ್ದರು. ಸತ್ತ ಹಕ್ಕಿಗಳನ್ನು ಪೀಪಾಯಿಗಳಲ್ಲಿ ತುಂಬಿ ರೈಲಿನಲ್ಲಿ ಮಹಾನಗರಗಳ ಹೋಟೆಲುಗಳಿಗೆ ಕಳುಹಿಸುತ್ತಿದ್ದರು. ಆಕಾಶದಲ್ಲಿ ಹಿಂಡುಗಳು ತೆಳುವಾಗತೊಡಗಿದಾಗ ಜನ ಎಚ್ಚೆತ್ತರು. 1916ರಲ್ಲಿ ಕೆನಡಾದ ಪರವಾಗಿ ಬ್ರಿಟನ್ನಿನೊಡನೆ ಅಮೆರಿಕ ಒಪ್ಪಂದ ಮಾಡಿಕೊಂಡಿತು. 1918ರಲ್ಲಿ ವಲಸೆ ಹಕ್ಕಿಗಳ ಕಾಯಿದೆ ಜಾರಿಗೆ ಬಂತು. ಬೇಟೆಯಾಡಿದ ಕಾಡುಬಾತನ್ನು ಮಾರುವುದೇ ಅಪರಾಧವಾಯಿತು.

ಇದರ ಫಲ ಇಂದಿಗೂ ಸ್ವಾರಸ್ಯವಾಗಿದೆ. ಎಷ್ಟೇ ಸಿರಿವಂತನಾದರೂ ಅಮೆರಿಕದ ಯಾವ ಹೋಟೆಲಿನಲ್ಲಿಯೂ ಆ ನಾಡಿನ ಬೇಟೆಯ ಬಾತನ್ನು ಹಣ ಕೊಟ್ಟು ತಿನ್ನಲಾರ. ಅಲ್ಲಿ ಸಿಗುವುದು ಸಾಕಿದ ಬಾತು. ಕಾಡುಬಾತಿನ ಊಟ ಬೇಕಾದವನು ಬೆಳಗಿನ ಜಾವ ಚಳಿಯಲ್ಲಿ ತಾನೇ ಎದ್ದು ಹೋಗಬೇಕು. ಇಲ್ಲವೆ ಎದ್ದು ಹೋದ ನೆಂಟನೊಬ್ಬ ಕೊಡುಗೆಯಾಗಿ ಕೊಡಬೇಕು. ಹಣಕ್ಕೆ ಸಿಗದ ಊಟಗಳು ಲೋಕದಲ್ಲಿ ಕೆಲವೇ. ಇದು ಅವುಗಳಲ್ಲಿ ಒಂದು.

ಆದರೆ ಕೋವಿಯನ್ನು ತಡೆದಮಾತ್ರಕ್ಕೆ ಹಕ್ಕಿ ಉಳಿಯಲಿಲ್ಲ. ಈ ಬಾತುಗಳ ತವರು ಉತ್ತರದ ಬಯಲುಸೀಮೆ. ಡಕೋಟಾ ರಾಜ್ಯಗಳಿಂದ ಕೆನಡಾದ ಸಸ್ಕಾಚೆವಾನಿನವರೆಗೆ, ಹಿಮಯುಗದ ನೀರ್ಗಲ್ಲುಗಳು ಕೊರೆದು ಬಿಟ್ಟುಹೋದ ಅಸಂಖ್ಯ ಗುಂಡಿಗೊಳಗಳಲ್ಲಿ ಅವು ಮೊಟ್ಟೆಯಿಟ್ಟು ಮರಿಮಾಡುತ್ತವೆ. 1930ರ ದಶಕದ ಭೀಕರ ಬರದಲ್ಲಿ ಆ ಗೊಳಗಳು ಒಣಗಿ ಧೂಳಾದವು. ಬಾತುಗಳ ಸಂಖ್ಯೆ ಪಾತಾಳಕ್ಕಿಳಿಯಿತು. ಆಗ ಹುಟ್ಟಿದ್ದು ‘ಬಾತಿನ ಚೀಟಿ’.

ಹತ್ತಿರದಿಂದ ನೋಡಿದರೆ ಅದು ಅಂಚೆಯ ಚೀಟಿಯಂತೆಯೇ ಇರುವ ಅಂದವಾದ ಚೀಟಿ. ಆದರೆ ಅಂಚೆಗೆ ಬಾರದು. 1934ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಸಹಿ ಹಾಕಿದ ಕಾಯಿದೆಯ ಪ್ರಕಾರ ಹದಿನಾರು ತುಂಬಿದ ಪ್ರತಿಯೊಬ್ಬ ಬಾತುಬೇಟೆಗಾರನೂ ವರ್ಷಕ್ಕೊಂದು ಚೀಟಿ ಕೊಳ್ಳಬೇಕು. ಮೊದಲ ಚೀಟಿಯ ಚಿತ್ರವನ್ನು ಬರೆದವರು ಜೇ ಡಾರ್ಲಿಂಗ್ ಎಂಬ ಪ್ರಸಿದ್ಧ ವ್ಯಂಗ್ಯಚಿತ್ರಕಾರರು. ಆ ವರ್ಷ ಅವರೇ ಪಕ್ಷಿಪ್ರಾಣಿಗಳ ಇಲಾಖೆಯ ಮುಖ್ಯಸ್ಥರಾಗಿದ್ದರು. ನೀರಿಗಿಳಿಯುತ್ತಿರುವ ಎರಡು ಬಾತುಗಳ ಆ ಚೀಟಿಗೆ ಬೆಲೆ ಒಂದು ಡಾಲರ್. 2015ರಿಂದ ಬೆಲೆ 25 ಡಾಲರ್. ಬಂದ ಹಣದಲ್ಲಿ ಡಾಲರಿಗೆ 98 ಸೆಂಟಿನಂತೆ ಜೌಗುನೆಲವನ್ನು ಕೊಳ್ಳಲು, ಕಾಪಾಡಲು ವಿನಿಯೋಗವಾಗುತ್ತದೆ. ಹೀಗೆ ಉಳಿದ ನೆಲ 60 ಲಕ್ಷ ಎಕರೆಗೂ ಮೀರಿದೆ. ಬೇಟೆಗಾರನ ಹಣದಿಂದಲೇ ಹಕ್ಕಿಯ ಮನೆ ಉಳಿಯಿತು. 1955ರಿಂದ ವಸಂತಕಾಲದಲ್ಲಿ ವಿಮಾನಗಳಲ್ಲಿ ಹಾರಾಡಿ ಉತ್ತರದ ಗೊಳಗಳಲ್ಲಿ ಬಾತುಗಳ ಎಣಿಕೆ ನಡೆಯುತ್ತ ಬಂದಿದೆ. ಎಷ್ಟು ದಿನ ಬೇಟೆ, ಯಾವ ಜಾತಿಯದು ಎಷ್ಟು ಎಂಬುದನ್ನು ನಿರ್ಧರಿಸುವಾಗ ಆ ಲೆಕ್ಕ ಮುಂದಿರುತ್ತದೆ. ಸಾಮಾನ್ಯವಾಗಿ ದಿನಕ್ಕೆ ಒಬ್ಬನಿಗೆ ಆರು ಬಾತು. ಅದರೊಳಗೂ ಒಂದೊಂದು ಜಾತಿಗೆ ಒಂದೊಂದು ಮಿತಿ.

ಹುಡುಗಿಗೆ ಇನ್ನೂ ಹನ್ನೆರಡು. ಅವಳಿಗೆ ಚೀಟಿ ಬೇಕಿಲ್ಲ. ಆದರೆ ಅಪ್ಪ ವರ್ಷವರ್ಷವೂ ಕೊಂಡು, ಕಟ್ಟಳೆಯಂತೆ ಮುಖದ ಮೇಲೆ ಶಾಯಿಯಲ್ಲಿ ರುಜು ಹಾಕಿದ ಚೀಟಿಗಳನ್ನೆಲ್ಲ ಅವಳು ಒಂದು ಪುಸ್ತಕದಲ್ಲಿ ಅಂಟಿಸಿ ಇಟ್ಟುಕೊಂಡಿದ್ದಾಳೆ.

ಒಂದು ಈಡು

ಬೆಳಕು ಹರಿಯಿತು. ಮೂಡಣ ದಿಕ್ಕು ಕಿತ್ತಳೆಯ ಸಿಪ್ಪೆಯಂತೆ ಕೆಂಪಾಯಿತು. ಬಹಳ ಎತ್ತರದಲ್ಲಿ ನೀಳವಾದ ಕತ್ತು, ಸೂಜಿಯಂಥ ಬಾಲವುಳ್ಳ ಬಾತುಗಳ ಸಾಲೊಂದು ಹಾದುಹೋಯಿತು. ಮಗಳು ಕೋವಿಯೆತ್ತಲಿಲ್ಲ, ಅದು ನೂರು ಗಜಕ್ಕೂ ಎತ್ತರ. ಮೂವತ್ತು, ಮೂವತ್ತೈದು ಗಜಕ್ಕಿಂತ ದೂರದ ಹಕ್ಕಿಗೆ ಹೊಡೆದರೆ ಅದು ಸಾಯುವುದಿಲ್ಲ, ಗಾಯಗೊಂಡು ಎಲ್ಲೋ ಹೋಗಿ ನರಳುತ್ತದೆ ಎಂದು ಅಪ್ಪ ಮೊದಲೇ ಹೇಳಿದ್ದ.

ಏಳು ಗಂಟೆಯ ಸುಮಾರಿಗೆ ಬೂದುಬಣ್ಣದ ಜೋಡಿ ಬಾತುಗಳು ಜೊಂಡಿನ ಮೇಲಿಂದ ತಿರುಗಿ ಬಂದವು. ಅಪ್ಪ ಮರದ ಪೀಪಿಯನ್ನು ತುಟಿಗಿಟ್ಟು ಮೆಲ್ಲನೆ ಎರಡು ಸಲ ಕೂಗಿಸಿದ. ಅವು ಕಿವಿಗೊಟ್ಟವು, ರೆಕ್ಕೆಗಳನ್ನು ಬಿಲ್ಲಿನಂತೆ ಬಾಗಿಸಿ ಅಂಗಳದ ಕಡೆ ಜಾರತೊಡಗಿದವು.

“ಏನು ಹಕ್ಕಿ?” ಪಿಸುಮಾತಿನಲ್ಲಿ ಕೇಳಿದ ಅಪ್ಪ.

“ಗ್ಯಾಡ್‌ವಾಲ್. ರೆಕ್ಕೆಯ ಮೇಲೆ ಬಿಳಿಯ ಚೌಕ.”

“ನಿನ್ನ ಇಷ್ಟ.”

ಅವಳು ಎದ್ದು ನಿಂತಳು. ಮೊದಲ ಈಡು ಗಾಳಿಗೆ ಹೋಯಿತು. ಎರಡನೆಯದಕ್ಕೆ ಮುಂದಿನ ಹಕ್ಕಿ ಕಲ್ಲಿನಂತೆ ಬಿದ್ದು ನೀರಿನಲ್ಲಿ ಅಲುಗಾಡದೆ ತೇಲಿತು. ಮೂರನೆಯದಕ್ಕೆ ಹಿಂದಿನ ಹಕ್ಕಿ ತತ್ತರಿಸಿತು. ಒಂದು ರೆಕ್ಕೆ ಜೋತುಬಿತ್ತು. ಓರೆಯಾಗಿ ಜಾರಿಕೊಂಡು ದೂರದ ಜೊಂಡಿನೊಳಗೆ ಬಿದ್ದು ಮರೆಯಾಯಿತು.

ಹುಡುಗಿಯ ಮುಖದಲ್ಲಿ ಅರಳಿದ ನಗು ಅಲ್ಲಿಯೇ ನಿಂತಿತು.

ನಾಯಿ ಮೊದಲ ಹಕ್ಕಿಯನ್ನು ತಂದು ಅಪ್ಪನ ಕೈಗೊಪ್ಪಿಸಿತು. ಎರಡನೆಯದನ್ನು ಹುಡುಕಲು ಮೂವರೂ ನೀರಿಗಿಳಿದರು. ಹೊಡೆದ ಹಕ್ಕಿಯನ್ನು ಹುಡುಕಿ ತರಲು ತಕ್ಕ ಪ್ರಯತ್ನ ಮಾಡಲೇಬೇಕೆಂದು ಕಾನೂನೂ ಹೇಳುತ್ತದೆ. ಆದರೆ ಅಪ್ಪನಿಗೆ ಕಾನೂನಿನ ನೆನಪು ಬೇಕಾಗಿರಲಿಲ್ಲ. ಹತ್ತು ನಿಮಿಷ ಕಳೆಯಿತು, ಇಪ್ಪತ್ತು ಕಳೆಯಿತು. ಕೆಸರು ಮೊಣಕಾಲನ್ನು ಹಿಡಿದೆಳೆಯುತ್ತಿತ್ತು. ಜೊಂಡಿನ ಗರಿ ಮುಖವನ್ನು ಗೀರುತ್ತಿತ್ತು. ಅಷ್ಟರಲ್ಲಿ ತಲೆಯ ಮೇಲೆ ಎರಡು ಹಿಂಡು ಹಾದುಹೋದವು. ಹುಡುಗಿ ತಲೆಯೆತ್ತಿ ನೋಡಲಿಲ್ಲ.

“ಅಪ್ಪಾ, ಸಿಗದಿದ್ದರೆ?”

“ಸಿಗುವವರೆಗೆ ಹುಡುಕೋಣ.”

“ಆಮೇಲೂ ಸಿಗದಿದ್ದರೆ?”

“ಈ ದಿನದ ಲೆಕ್ಕದಲ್ಲಿ ಅದೂ ಒಂದು ಎಂದು ನೀನು ಬರೆದುಕೊಳ್ಳುತ್ತೀಯೆ. ಮರೆಯುವುದಿಲ್ಲ.”

ನಲವತ್ತು ನಿಮಿಷ ಕಳೆದ ಮೇಲೆ ನಾಯಿ ಮೂಗನ್ನು ನೀರಿಗೆ ತಾಕಿಸಿ ನಿಂತಿತು. ಬೇರಿನ ಬುಡದಲ್ಲಿ, ಕೊಕ್ಕು ಮಾತ್ರ ಮೇಲೆ ಕಾಣುವಂತೆ, ಹಕ್ಕಿ ಅಡಗಿತ್ತು; ಬದುಕಿತ್ತು. ಅಪ್ಪ ಅದನ್ನು ಎರಡು ಕೈಯಲ್ಲಿ ಹಿಡಿದು, ಬೆನ್ನು ತಿರುಗಿಸದೆ, ಮಗಳು ನೋಡುತ್ತಿರುವಂತೆಯೇ, ಒಂದು ಕ್ಷಣದಲ್ಲಿ ಅದರ ನೋವನ್ನು ಮುಗಿಸಿದ. ಮಗಳ ಕಣ್ಣು ತುಂಬಿತು. ಅವನು ಸಮಾಧಾನದ ಮಾತಾಡಲಿಲ್ಲ; ಅಳಬೇಡವೆನ್ನಲೂ ಇಲ್ಲ. ಹಕ್ಕಿಯನ್ನು ಅವಳ ಕೈಯಲ್ಲಿಟ್ಟ. ಇನ್ನೂ ಬೆಚ್ಚಗಿತ್ತು. ಉತ್ತರದ ಯಾವುದೋ ಗೊಳದಲ್ಲಿ ಮೊಟ್ಟೆಯೊಡೆದು, ಸಾವಿರ ಮೈಲಿಗೂ ಮೀರಿ ಹಾರಿ ಬಂದ ಮೈ.

“ಇನ್ನು ಸಾಕು” ಎಂದಳು ಹುಡುಗಿ. ಕಾನೂನು ಆರಕ್ಕೆ ಅನುಮತಿ ಕೊಟ್ಟಿತ್ತು. ಅವಳು ಎರಡಕ್ಕೆ ನಿಲ್ಲಿಸಿದಳು. ಅಪ್ಪ ಮರುಮಾತಿಲ್ಲದೆ ಸುಳ್ಳು ಬಾತುಗಳನ್ನು ಮೂಟೆಗೆ ತುಂಬತೊಡಗಿದ.

ಅಜ್ಜಿಯ ಒಲೆ

ಮನೆಯ ಹಿತ್ತಲಿನಲ್ಲಿ ತಂದೆಮಗಳು ಕುಳಿತು ಪುಕ್ಕ ಕಿತ್ತರು. ಸಾಗಿಸುವಾಗ ಹಕ್ಕಿಯ ತಲೆಯನ್ನಾಗಲಿ ಒಂದು ರೆಕ್ಕೆಯನ್ನಾಗಲಿ ಪುಕ್ಕದ ಸಮೇತ ಉಳಿಸಿಕೊಂಡಿರಬೇಕೆಂಬುದು ಕಟ್ಟಳೆ. ದಾರಿಯಲ್ಲಿ ಅಧಿಕಾರಿ ತಡೆದು ಕೇಳಿದರೆ ಜಾತಿ ಯಾವುದೆಂದು ತೋರಿಸಬೇಕಲ್ಲ! ಮನೆ ಸೇರಿದ ಮೇಲೆ ಆ ರೆಕ್ಕೆ ತಮ್ಮನ ಆಟದ ಸಾಮಾನಾಯಿತು.

ಒಳಗೆ ಅಜ್ಜಿ ಆಗಲೇ ಒಲೆಯ ಮುಂದೆ ನಿಂತಿದ್ದಳು. ಕೇಜನರ ಮನೆಯಲ್ಲಿ ಬಾತಿಗೆ ತಕ್ಕ ಅಡಿಗೆಯೆಂದರೆ ಗಂಬೋ. ಗಂಬೋ ಎಂಬ ಮಾತಿನ ಮೂಲ ಆಫ್ರಿಕದ ಬಂಟು ಭಾಷೆಗಳಲ್ಲಿದೆ. ಅಲ್ಲಿ ಅದರ ಅರ್ಥ ಬೆಂಡೆಕಾಯಿ. ಗುಲಾಮರಾಗಿ ತರಲ್ಪಟ್ಟ ಆಫ್ರಿಕದ ಜನ ತಮ್ಮ ಬೆಂಡೆಯನ್ನು ತಂದರು. ಫ್ರೆಂಚರು ಹಿಟ್ಟು ಹುರಿದು ಸಾರಿಗೆ ಮಂದ ಕೊಡುವ ವಿಧಾನವನ್ನು ತಂದರು. ಆ ನೆಲದ ಮೂಲನಿವಾಸಿಗಳಾದ ಚಾಕ್ಟಾ ಜನ ಸಸಾಫ್ರಾಸ್ ಮರದ ಎಲೆಯ ಪುಡಿಯನ್ನು ಕೊಟ್ಟರು. ಮೂರು ಖಂಡಗಳ ಜನ ಒಂದೇ ಪಾತ್ರೆಯಲ್ಲಿ ಬೆರೆತರು. ಬಾತಿನ ಗಂಬೋವಿಗೆ ಮಾತ್ರ ಅನೇಕ ಮನೆಗಳಲ್ಲಿ ಬೆಂಡೆ ಹಾಕುವುದಿಲ್ಲ. ಹೆಸರು ಉಳಿದಿದೆ, ಕಾಯಿ ಇಲ್ಲ!

ಅದರ ಪ್ರಾಣವಿರುವುದು ಹುರಿದ ಹಿಟ್ಟಿನಲ್ಲಿ. ದಪ್ಪ ತಳದ ಕಬ್ಬಿಣದ ಪಾತ್ರೆಯಲ್ಲಿ ಎಣ್ಣೆಯನ್ನೂ ಅಷ್ಟೇ ಅಳತೆಯ ಗೋದಿಹಿಟ್ಟನ್ನೂ ಹಾಕಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯ ಹೊತ್ತು ಕೈಬಿಡದೆ ಕಲಕಬೇಕು. ಬಿಳುಪು ಹೋಗಿ ಹೊಂಬಣ್ಣ, ಹೊಂಬಣ್ಣ ಹೋಗಿ ಕಂದು, ಕೊನೆಗೆ ಹುರಿದ ಕಾಫಿಬೀಜದ ಬಣ್ಣ. ಮೈಸೂರು ಪಾಕಿನ ಹದ ಕಾಯುವವರಿಗೆ ಈ ತಪಸ್ಸು ಅರ್ಥವಾದೀತು. ಒಂದು ಗಳಿಗೆ ಮೈಮರೆತರೆ ಸೀಯುತ್ತದೆ. ಸೀದರೆ ಚೆಲ್ಲಿ ಮೊದಲಿನಿಂದ ಆರಂಭಿಸಬೇಕು. ಹದ ಬಂದೊಡನೆ ಹೆಚ್ಚಿದ ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಸೆಲರಿಯ ದಂಟು. ಆಮೇಲೆ ಬೆಳ್ಳುಳ್ಳಿ, ಒಣಮೆಣಸಿನ ಪುಡಿ, ನೀರು. ಮೊದಲೇ ಕೆಂಪಗೆ ಹುರಿದಿಟ್ಟ ಬಾತಿನ ತುಂಡು, ಹೊಗೆಯಲ್ಲಿ ಒಣಗಿಸಿದ ಮಾಂಸದ ಸಾಸೇಜು. ಕಾಡುಬಾತು ಸಾಕುಬಾತಿನಂತೆ ಕೊಬ್ಬಿದ್ದಲ್ಲ. ಹಾರಿ ಹಾರಿ ಗಟ್ಟಿಯಾದ ಕಪ್ಪು ಮಾಂಸ. ಎರಡು ಮೂರು ಗಂಟೆ ಸಣ್ಣ ಉರಿಯಲ್ಲಿ ಕುದಿದರೇ ಅದು ಮೆತ್ತಗಾಗುವುದು.

ಎರಡೇ ಹಕ್ಕಿ, ಮನೆಯಲ್ಲಿ ಐದು ಜನ. “ಸಾಲದೇನೋ ಅಜ್ಜಿ” ಎಂದಳು ಹುಡುಗಿ, ಸಂಕೋಚದಿಂದ.

“ಗಂಬೋ ಮಾಡುವುದೇ ಅದಕ್ಕೆ ಮಗು. ಇದ್ದದ್ದನ್ನು ಎಲ್ಲರಿಗೂ ಮುಟ್ಟಿಸುವುದಕ್ಕೆ” ಎಂದಳು ಅಜ್ಜಿ, ಸೌಟು ನಿಲ್ಲಿಸದೆ.

ಇತ್ತ ಕನ್ನಡ ನಾಡಿನ ಕೆರೆಗಳು

ಅಂದು ಬೆಳಗ್ಗೆ ಆ ತಂದೆಮಗಳ ತಲೆಯ ಮೇಲೆ ಎತ್ತರದಲ್ಲಿ ಹಾದುಹೋದ ಸೂಜಿಬಾಲದ ಬಾತು ಕನ್ನಡಿಗರಿಗೂ ಹೊಸದಲ್ಲ. ಅದೇ ಜಾತಿಯ ಹಕ್ಕಿ, ಬೇರೊಂದು ಉತ್ತರದಿಂದ, ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೂ ಬರುತ್ತದೆ. ಆದರೆ ಭಾರತ ಹಿಡಿದ ದಾರಿ ಬೇರೆ.

ಇಲ್ಲಿಯೂ ಒಂದು ಕಾಲಕ್ಕೆ ಬಾತುಬೇಟೆ ರಾಜಮಹಾರಾಜರ, ದೊರೆಗಳ ವೈಭವವಾಗಿತ್ತು. ರಾಜಸ್ಥಾನದ ಭರತಪುರದ ಜೌಗಿನಲ್ಲಿ 1938ರ ನವೆಂಬರ್ 12ರಂದು, ವೈಸರಾಯ್ ಲಿನ್‌ಲಿತ್‌ಗೋ ಅತಿಥಿಯಾಗಿದ್ದ ಒಂದೇ ದಿನದ ಬೇಟೆಯಲ್ಲಿ 4,273 ಹಕ್ಕಿಗಳು ಬಿದ್ದವೆಂದು ಅಲ್ಲಿ ಕಲ್ಲಿನ ಮೇಲೆ ಕೆತ್ತಿಟ್ಟಿದ್ದಾರೆ. ಎಷ್ಟು ಜನ ಉಂಡರೆ ಅಷ್ಟು ಹಕ್ಕಿ ಮುಗಿದೀತು? ಅದು ಊಟದ ಲೆಕ್ಕವಲ್ಲ. ಅದೇ ಜೌಗು 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಆಮೇಲಿನ 1991ರ ತಿದ್ದುಪಡಿಯೂ ಸೇರಿ ಭಾರತದಲ್ಲಿ ಇಂಥ ಬೇಟೆಯ ಬಾಗಿಲನ್ನು ಮುಚ್ಚಿದವು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಲು ಇಂದು ತಂದೆತಾಯಿಗಳು ಮಕ್ಕಳ ಕೈಹಿಡಿದು ಹೋಗುವುದು ದುರ್ಬೀನಿನೊಡನೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುತಾಣಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಯಾವ ದಾರಿ ಮೇಲು ಎಂಬ ವಾದ ಬೇರೆ. ಜೀವಹಿಂಸೆಯೇ ಸಲ್ಲದೆನ್ನುವವರು ಅಮೆರಿಕದಲ್ಲಿಯೂ ಇದ್ದಾರೆ. ಆದರೆ ಕೋವಿಯಿರಲಿ ದುರ್ಬೀನಿರಲಿ, ನೀರಿಲ್ಲದೆ ಹಕ್ಕಿಯಿಲ್ಲ. ಲೂಯಿಸಿಯಾನಾದ ಕಡಲಂಚು 1932ರಿಂದ 2016ರೊಳಗೆ ಸುಮಾರು 2,000 ಚದರ ಮೈಲಿ ನೆಲವನ್ನು ಕಳೆದುಕೊಂಡಿತು. ನದಿಗೆ ಕಟ್ಟಿದ ಒಡ್ಡುಗಳು ಮೆಕ್ಕಲನ್ನು ಜೌಗಿಗೆ ಬಿಡಲಿಲ್ಲ. ಎಣ್ಣೆಬಾವಿಗಳಿಗಾಗಿ ತೋಡಿದ ಕಾಲುವೆಗಳು ಉಪ್ಪುನೀರನ್ನು ಒಳಗೆ ತಂದವು. ಇತ್ತ ಬೆಂಗಳೂರಿನಲ್ಲಿ ಎಷ್ಟೋ ಕೆರೆಗಳು ಬಸ್ ನಿಲ್ದಾಣವಾದವು, ಬಡಾವಣೆಯಾದವು. ಹಕ್ಕಿಯನ್ನು ಹೊಡೆಯದಿದ್ದರೂ ಅದರ ಮನೆಯನ್ನು ಕೆಡವಬಹುದು.

ತಟ್ಟೆಯಂಚಿನ ಸದ್ದು

ಕತ್ತಲಾಗುವ ಹೊತ್ತಿಗೆ ಆ ಮನೆಯ ಮೇಜಿನ ಮೇಲೆ ಬಿಸಿಬಿಸಿ ಅನ್ನ, ಅದರ ಮೇಲೆ ಕಪ್ಪುಗಂದು ಗಂಬೋ ಹಬೆಯಾಡುತ್ತಿತ್ತು. ಬಟ್ಟಲಿನಲ್ಲಿ ಅನ್ನ, ಮೇಲೆ ಸಾರು: ಊಟದ ರೀತಿ ಕನ್ನಡಿಗರಿಗೆ ಅಪರಿಚಿತವಲ್ಲ. ಮೊದಲ ತುತ್ತನ್ನು ಎಲ್ಲರೂ ಹುಡುಗಿಗಾಗಿ ಕಾದರು. ಅವಳು ತಿಂದಳು. ಒಂದು ಕ್ಷಣ ಸುಮ್ಮನಿದ್ದಳು. ಮತ್ತೆ ತಿಂದಳು. ಬಟ್ಟಲು ಬರಿದಾಗುವವರೆಗೆ ತಲೆಯೆತ್ತಲಿಲ್ಲ. ಎಂದೂ ಇಷ್ಟು ನಿಧಾನವಾಗಿ, ಒಂದು ಚೂರನ್ನೂ ಬಿಡದೆ ಅವಳು ಉಂಡದ್ದನ್ನು ತಾಯಿ ನೋಡಿರಲಿಲ್ಲ.

‘ಟಿಣ್’ ಎಂದಿತು ತಟ್ಟೆ. ಅವಳು ಬಾಯಿಂದ ತೆಗೆದಿಟ್ಟದ್ದು ಸಾಸಿವೆಗಿಂತ ತುಸು ದಪ್ಪನೆಯ ಒಂದು ಚರೆ. ತಮ್ಮ ಓಡಿಹೋಗಿ ಅಯಸ್ಕಾಂತ ತಂದ. ಚರೆ ಅದಕ್ಕೆ ಅಂಟಿಕೊಂಡಿತು. ಉಕ್ಕು! ಮೊದಲೆಲ್ಲ ಚರೆ ಸೀಸದ್ದಾಗಿತ್ತು. ಕಲ್ಲುಹರಳುಗಳನ್ನು ನುಂಗಿ ಆಹಾರವನ್ನು ಅರೆದುಕೊಳ್ಳುವುದು ಬಾತುಗಳ ಪದ್ಧತಿ. ಜೌಗಿನ ತಳದಲ್ಲಿ ಬಿದ್ದ ಸೀಸದ ಚರೆಯನ್ನೂ ಹರಳೆಂದು ನುಂಗಿ, ಕೋವಿಯಿಂದ ತಪ್ಪಿಸಿಕೊಂಡ ಹಕ್ಕಿಗಳೂ ನಂಜೇರಿ ಲಕ್ಷಗಟ್ಟಲೆ ಸಾಯುತ್ತಿದ್ದವು. 1991ರಿಂದ ನೀರುಹಕ್ಕಿಗಳ ಬೇಟೆಯಲ್ಲಿ ಸೀಸ ದೇಶಾದ್ಯಂತ ನಿಷಿದ್ಧ. ಉಕ್ಕಿನ ಚರೆ ಹಗುರ, ಬೇಟೆಗಾರನಿಗೆ ಕಷ್ಟ. ಹತ್ತಿರ ಬರುವವರೆಗೆ ಕಾಯಬೇಕು. ಕಾಯುವುದನ್ನು ಅಲ್ಲಿಯೂ ಕಲಿಯಬೇಕಾಯಿತು.

ಹುಡುಗಿ ಚರೆಯನ್ನು ಬೆರಳಲ್ಲಿ ಹೊರಳಿಸಿ ನೋಡಿ, ಚೀಟಿಗಳ ಪುಸ್ತಕವನ್ನು ತಂದು, ಅದರ ಕೊನೆಯ ಹಾಳೆಯ ಮಡಿಕೆಯಲ್ಲಿ ಅದನ್ನು ಇಟ್ಟಳು. ಕೆಳಗೆ ತಾರೀಖು ಬರೆದಳು. ‘ಎರಡು. ಎರಡೂ ಸಿಕ್ಕವು’ ಎಂದು ಬರೆದಳು.

“ಮುಂದಿನ ಶನಿವಾರ ದೊಡ್ಡವರ ಋತು ಆರಂಭ” ಎಂದ ಅಪ್ಪ. “ನೀನೂ ಬರುತ್ತೀಯೇನು?”

“ಬರುತ್ತೇನೆ. ಆದರೆ ಅಂದು ಕೋವಿ ನಿನ್ನದು, ಹೊತ್ತು ನೋಡುವ ಕೆಲಸ ನನ್ನದು.”

ಅಪ್ಪ ನಕ್ಕ. ಮುಂಗೈಯಿಂದ ಗಡಿಯಾರವನ್ನು ಬಿಚ್ಚಿ ಅವಳ ತಟ್ಟೆಯ ಪಕ್ಕದಲ್ಲಿ ಇಟ್ಟ.